ಗುಂಡು ನಿಲ್ಲುವ ಜಾಗ

ಹೊರನಾಡು

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ಎನ್‌ಸಿಸಿ ಕ್ಯಾಂಪಿನಲ್ಲಿ .22 ಡೀಲಕ್ಸ್ ರೈಫಲಿನಿಂದ ಹೊಡೆದ ಐದೂ ಗುಂಡು ಒಂದು ನಾಣ್ಯ ಮುಚ್ಚುವಷ್ಟು ಹತ್ತಿರ ಬಿದ್ದವು ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ನಿನ್ನ ಅಜ್ಜಿಗೆ ಎರಡು ಸಲ ಓದಿ ಹೇಳಿದೆ. ನಮ್ಮ ಮನೆತನದಲ್ಲಿ ಕೋವಿ ಹಿಡಿದ ಹೆಣ್ಣುಮಕ್ಕಳು ನಿನಗಿಂತ ಮುಂಚೆ ಯಾರೂ ಇರಲಿಲ್ಲ. ನನಗೆ ಆಗಿರುವ ಸಂತೋಷವನ್ನು ಹೇಳಲು ಫೋನು ಸಾಲದು ಅಂತಲೇ ಕಾಗದ ಬರೆಯಲು ಕೂತೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಬೇಟೆಗೆ, ಗುರಿ ಹೊಡೆಯುವುದಕ್ಕೆ ನಿಮಗೆ ತುಂಬ ಇಷ್ಟವಾದ ತೋಟಾ ಯಾವುದು ಅಜ್ಜಾ ಅನ್ನುವುದು ಮೊದಲನೆಯದು. ಮನೆಯ .315 ರೈಫಲನ್ನು ನನ್ನ ಹೆಸರಿಗೆ ಮಾಡಿಸಿ ಕೊಡುತ್ತೀರಾ ಅನ್ನುವುದು ಎರಡನೆಯದು. ಜೊತೆಗೆ .308, .30-06, 6.5 ಕ್ರೀಡ್‌ಮೋರ್ ಅಂತ ಗೆಳೆಯರು ಹೇಳಿದ ಹೆಸರುಗಳನ್ನೂ ಪಟ್ಟಿ ಮಾಡಿದ್ದೀಯ. ಅವೆಲ್ಲ ಒಳ್ಳೆಯ ತೋಟಾಗಳೇ. .30-06 ಹುಟ್ಟಿದ್ದು 1906ರಲ್ಲಿ ಅಮೆರಿಕದ ಸೈನ್ಯಕ್ಕಾಗಿ. .308 ಬಂದದ್ದು 1952ರಲ್ಲಿ. ಕ್ರೀಡ್‌ಮೋರ್ ನಿನಗಿಂತ ಸ್ವಲ್ಪವೇ ದೊಡ್ಡದು, 2007ರದ್ದು. ಆದರೆ ತೋಟಾದ ಗುಣವನ್ನು ಅದು ಎಷ್ಟು ಜೋರಾಗಿ ಹೊರಡುತ್ತದೆ ಅನ್ನುವುದರಿಂದ ನಾನು ಅಳೆಯುವುದಿಲ್ಲ. ಹೊರಟ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಹೊಡೆಯುವವನಿಗೆ ಗೊತ್ತಿರಬೇಕು. ಗೊತ್ತಿದ್ದರೆ ಅದು ಆ ಜಾಗಕ್ಕೆ ಸರಿಯಾದ ತೋಟಾ, ಇಲ್ಲದಿದ್ದರೆ ಎಷ್ಟೇ ಹೆಸರುವಾಸಿಯಾದರೂ ನನಗೆ ಬೇಡ. ನಮ್ಮ ಗುಡ್ಡಗಾಡಿನಲ್ಲಿ ಇದು ತೀರಾ ಮುಖ್ಯದ ಮಾತು. ನಿಧಾನವಾಗಿ ಹೇಳುತ್ತೇನೆ, ಕೇಳು.

ಮೊದಲು ಮನೆಯ .315. ಇದನ್ನು ಕೊಂಡದ್ದು ನನ್ನ ಅಪ್ಪ. ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ ಮುದ್ರೆ ಅದರ ಮೇಲಿದೆ, ನೀನು ನೋಡಿದ್ದೀಯ. ಇದರ ತೋಟಾಗೆ ಒಂದು ವಿಚಿತ್ರ ಚರಿತ್ರೆ ಇದೆ. ಇದು ಹುಟ್ಟಿನಲ್ಲಿ ನಮ್ಮ ದೇಶದ್ದೂ ಅಲ್ಲ, ಇಂಗ್ಲಿಷರದ್ದೂ ಅಲ್ಲ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಸೈನಿಕರು ಹತ್ತೊಂಬತ್ತನೇ ಶತಮಾನದ ಕೊನೆಗೆ ಬಳಸುತ್ತಿದ್ದ 8 ಮಿಲಿಮೀಟರಿನ ಮ್ಯಾನ್‌ಲಿಕರ್ ತೋಟಾವೇ ಇಲ್ಲಿ .315 ಆಗಿದೆ. ಆಗ ಬ್ರಿಟಿಷರ ಸೈನ್ಯದ ತೋಟಾ .303. ಜನರ ಕೈಯಲ್ಲಿರುವ ಬೇಟೆಯ ಕೋವಿಗೆ ಸೈನ್ಯದ ತೋಟಾ ಹೊಂದಿಬಿಟ್ಟರೆ ನಾಳೆ ದಂಗೆಯಾದಾಗ ಕದ್ದ ತೋಟಾಗಳೆಲ್ಲ ತಮ್ಮ ಮೇಲೇ ತಿರುಗುತ್ತವೆ ಅನ್ನುವ ಹೆದರಿಕೆ ಅವರಿಗೆ. ಹಾಗಾಗಿ .303ಗೆ ಹೊಂದದ ಇನ್ನೊಂದು ಅಳತೆ ಬೇಕಾಯಿತು. ಇದೇ ಹೆದರಿಕೆಯಿಂದಲೇ ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ದೊಡ್ಡ ರೈಫಲುಗಳನ್ನು ಭಾರತಕ್ಕೆ ತರದಂತೆ ತಡೆದರು. ಬ್ರಿಟಿಷರು ಹೋದರು, ಆ ಯೋಚನೆ ಮಾತ್ರ ಉಳಿಯಿತು. ಇವತ್ತಿಗೂ .303, 7.62 ಮಿಲಿಮೀಟರಿನ ಸೈನ್ಯದ ತೋಟಾಗಳು ಸಾಮಾನ್ಯರಿಗೆ ನಿಷಿದ್ಧ. ಹೀಗೆ ಯೂರೋಪಿನಲ್ಲೇ ಜನ ಮರೆತುಬಿಟ್ಟ ಒಂದು ತೋಟಾ ಇಂಡಿಯಾದ ಹಳ್ಳಿಮನೆಗಳಲ್ಲಿ ಬದುಕಿಕೊಂಡಿತು.

ಅದರ ಗುಂಡಿನ ತೂಕ ಸುಮಾರು 16 ಗ್ರಾಂ. ಮೂತಿಯಲ್ಲಿ ಸೀಸ ಬರಿದಾಗಿ ಕಾಣುತ್ತದೆ, ತಗುಲಿದ ಕೂಡಲೇ ಅಣಬೆಯ ಹಾಗೆ ಅರಳಲಿ ಅಂತ. ವೇಗ ಸೆಕೆಂಡಿಗೆ ಸುಮಾರು 600 ಮೀಟರ್. ಈಗಿನ ತೋಟಾಗಳ ಮುಂದೆ ಈ ವೇಗ ಕಡಿಮೆಯೇ. ಆದರೂ ನಿನ್ನ .22ರ ಜೊತೆ ಹೋಲಿಸಿ ನೋಡು. ಅದರ ಗುಂಡು 2.6 ಗ್ರಾಂ, ವೇಗ ಸುಮಾರು 325 ಮೀಟರ್. ಶಾಲೆಯಲ್ಲಿ ಕಲಿತ ಲೆಕ್ಕ ನಿನಗೆ ನೆನಪಿರಬೇಕು, ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಗುಂಡು ಹೊತ್ತೊಯ್ಯುವ ಶಕ್ತಿ ಸಿಗುತ್ತದೆ. ಮಾಡಿ ನೋಡು, .315ರದ್ದು ಇಪ್ಪತ್ತು ಪಟ್ಟು ಹೆಚ್ಚು ಬರುತ್ತದೆ. ಆ ಶಕ್ತಿ ಪ್ರಾಣಿಯ ಮೈಯಲ್ಲೇ ಪೂರ್ತಿ ಖರ್ಚಾಗುತ್ತದೆ ಅಂತ ಯಾರೂ ಜಾಮೀನು ಕೊಡಲಾರರು. ಗುರಿ ತಪ್ಪಿದರಂತೂ ಪೂರ್ತಿ ಉಳಿಯುತ್ತದೆ. ಉಳಿದದ್ದು ಎಲ್ಲಿಗೆ ಹೋಗಬೇಕು?

ನಮ್ಮ ಮನೆಯ ಹಿಂದಿನ ಬ್ಯಾಣದ ನೆತ್ತಿಯ ಮೇಲೆ ನಿಂತು ಒಮ್ಮೆ ಸುತ್ತ ನೋಡಿದ್ದನ್ನು ನೆನಪಿಸಿಕೋ. ಕೆಳಗೆ ಅಡಿಕೆ, ಅದರಾಚೆ ಗದ್ದೆ, ಎದುರು ಗುಡ್ಡದ ಇಳಿಜಾರಿನಲ್ಲಿ ಕಾಫಿ, ಕಾಫಿಯ ನಡುವೆ ಲೈನ್ ಮನೆಗಳು, ಕೊಯ್ಲಿನ ಕಾಲದಲ್ಲಿ ಎಲ್ಲೆಂದರಲ್ಲಿ ಆಳುಗಳು. ಬಿಡಾರದ ಮಕ್ಕಳು ಸೌದೆಗೆ ಕಾನಿನ ಅಂಚಿನವರೆಗೂ ಹೋಗುತ್ತಾರೆ. ದೊಡ್ಡ ರೈಫಲಿನ ಗುಂಡು ಎರಡು ಮೂರು ಕಿಲೋಮೀಟರ್ ಹೋಗಬಲ್ಲದು, ನಮ್ಮಲ್ಲಿ ಅಷ್ಟು ದೂರದೊಳಗೆ ಎರಡು ಊರು ಬರುತ್ತದೆ. ಮೇಲುಮುಖವಾಗಿ, ಗುಡ್ಡದ ನೆತ್ತಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಪ್ರಾಣಿಗೆ ಹೊಡೆದ ಗುಂಡು ಗುಡ್ಡದಾಚೆ ಯಾವ ಅಂಗಳದಲ್ಲಿ ಇಳಿಯುತ್ತದೆಂದು ಯಾವ ದೇವರಿಗೆ ಗೊತ್ತು? ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಇದು. ಗುರಿಯ ಹಿಂದೆ ಮಣ್ಣಿರಬೇಕು. ಬೆನ್ನಿಗೆ ಮಣ್ಣಿಲ್ಲದ ಪ್ರಾಣಿ ಎಷ್ಟೇ ಹತ್ತಿರ ಬಂದರೂ ಅಪ್ಪ ಕೋವಿ ಎತ್ತುತ್ತಿರಲಿಲ್ಲ. ಆ ಮನುಷ್ಯನ ಮೇಲೆ ಇಂದಿಗೂ ನನಗಿರುವ ಗೌರವ ಅವರು ಹೊಡೆದದ್ದಕ್ಕಿಂತ ಹೊಡೆಯದೆ ಬಿಟ್ಟದ್ದರ ಮೇಲೆ ನಿಂತಿದೆ.

ಇನ್ನೊಂದು ವಿಷಯ. ಸಿಲ್ವರ್ ಮರದ ನೆರಳಿನಲ್ಲಿ ಕಾಫಿ ಗಿಡಗಳ ಸಾಲಿನೊಳಗೆ ಕಣ್ಣು ಹೋಗುವುದೇ ಮೂವತ್ತು ನಲವತ್ತು ಹೆಜ್ಜೆ. ಅಲ್ಲಿ ಏನೋ ಕಪ್ಪಗೆ ಅಲ್ಲಾಡಿತು ಅಂತ ಹೊಡೆದು, ಹತ್ತಿರ ಹೋಗಿ ನೋಡಿದಾಗ ಅದು ಹಂದಿಯಾಗಿರದೆ ಮನುಷ್ಯನಾಗಿದ್ದ ಸುದ್ದಿಯನ್ನು ನಮ್ಮ ಜಿಲ್ಲೆಯಿಂದಲೂ ಕೊಡಗಿನಿಂದಲೂ ಪೇಪರಿನಲ್ಲಿ ಎಷ್ಟೋ ಸಲ ಓದಿದ್ದೇನೆ. ಓದಿದಾಗಲೆಲ್ಲ ಎರಡು ಮನೆಗಳ ಬಗ್ಗೆ ಯೋಚಿಸುತ್ತೇನೆ, ಸತ್ತವನದು ಒಂದು, ಹೊಡೆದವನದು ಇನ್ನೊಂದು. ಎರಡೂ ಅವತ್ತೇ ಮುಗಿದಂತೆ.

ಅದಕ್ಕೇ ನಮ್ಮ ಹಿರಿಯರಲ್ಲಿ ಹೆಚ್ಚಿನವರು ರೈಫಲಿಗೆ ಆಸೆ ಪಡಲಿಲ್ಲ. ಮೊದಲು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕಿ, ಮತ್ತೆ ನಾರು ಗಿಡಿಯಬೇಕು. ಒಂದು ಈಡು ತಪ್ಪಿದರೆ ಎರಡನೆಯದಕ್ಕೆ ಪ್ರಾಣಿ ಕಾಯುವುದಿಲ್ಲ. ಆದ್ದರಿಂದ ಆ ಕಾಲದವರು ಟ್ರಿಗರ್ ಒತ್ತುವ ಮುಂಚೆ ಬಹಳ ಯೋಚಿಸುತ್ತಿದ್ದರು. ಆಮೇಲೆ ಒಂಟಿನಳಿಗೆ, ಜೋಡುನಳಿಗೆಯ ಹನ್ನೆರಡು ಬೋರು ಬಂತು. ನಳಿಗೆಗೆ ಸರಿಹೊಂದುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತವೆ, ಹನ್ನೆರಡರ ಲೆಕ್ಕ ಅಲ್ಲಿಂದ ಬಂದದ್ದು. ತೋಟಾದ ಮೇಲೆ ಎಲ್‌ಜಿ, ಎಸ್‌ಜಿ, ಬಿಬಿ, 4, 6 ಅಂತ ಬರೆದಿರುತ್ತದಲ್ಲ, ಅದು ಒಳಗಿನ ಚರೆಯ ಗಾತ್ರ. ಒಂದು ಔನ್ಸಿಗೆ, ಅಂದರೆ 28 ಗ್ರಾಂ ಸೀಸಕ್ಕೆ, ಎಲ್‌ಜಿ ಆದರೆ ಆರು ಉಂಡೆ, ಎಸ್‌ಜಿ ಆದರೆ ಎಂಟು, ಬಿಬಿ ಆದರೆ ಎಪ್ಪತ್ತು, ಆರನೇ ನಂಬರ್ ಆದರೆ 270. ನಲವತ್ತು ಗಜದಾಚೆ ಇವು ಹರಡಿಕೊಂಡು ಬಲ ಕಳೆದುಕೊಳ್ಳುತ್ತವೆ. ದೂರದಲ್ಲೂ ಒಂದು ಚರೆ ಕಣ್ಣು ತೆಗೆದೀತು, ಹಾಗಾಗಿ ಹುಡುಗಾಟ ಬೇಡ. ಆದರೂ ಎದುರು ಗುಡ್ಡದ ಲೈನ್ ಮನೆಯವರೆಗೆ ಹೋಗಿ ಕೊಲ್ಲುವ ಗುಂಡಲ್ಲ ಇದು. ಕಾಫಿ ಕಾಡಿಗೆ ಇದಕ್ಕಿಂತ ತಕ್ಕ ತೋಟಾ ಇಲ್ಲ ಅಂತ ನನ್ನ ಖಚಿತವಾದ ಅಭಿಪ್ರಾಯ.

ಆದರೆ ಈಗ ಕಾಫಿ ಕಾಡಿನಲ್ಲಿ ಹೊಡೆಯುವುದಕ್ಕೆ ಏನಿದೆ ಮಗಳೇ? ಈ ಮಾತನ್ನು ನಾನು ಬೇಸರದಿಂದ ಬರೆಯುತ್ತಿಲ್ಲ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆಗೆ ಕಾಯಿದೆ ಇತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1991ರ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಪರವಾನಗಿ ಅನ್ನುವುದೇ ಉಳಿಯಲಿಲ್ಲ. ಇಲ್ಲಿ ತುಂಬ ಜನ ತಪ್ಪು ತಿಳಿದಿರುವ ಒಂದು ಸಂಗತಿ ನಿನಗೆ ಸ್ಪಷ್ಟವಾಗಿರಲಿ. ಬೆಳೆ ರಕ್ಷಣೆಗೆ ಅಂತ ನಮಗೆ ಕೊಟ್ಟಿರುವ ಲೈಸೆನ್ಸು ಕೋವಿ ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು. ಗದ್ದೆಗೆ ಬಂದ ಹಂದಿಯನ್ನು ಹೊಡೆಯುವುದಕ್ಕೆ ಅದು ಅನುಮತಿಯಲ್ಲ. ಬೆಳೆಗೆ ಅಪಾಯವಾದರೆ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕಾಯಿದೆಯ 11ನೇ ಸೆಕ್ಷನ್ನಿನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳಿಗಿದೆ, ಅದೂ ಬರಹದಲ್ಲಿ, ಕಾರಣ ಕಾಣಿಸಿ. ಆ ಕಾಗದ ಕೈಯಲ್ಲಿಲ್ಲದೆ ಹೊಡೆದವನು ಕಳ್ಳಬೇಟೆಗಾರನೇ, ಅವನ ಗದ್ದೆಯೇ ಆಗಿರಲಿ, ಅವನ ಭತ್ತವೇ ಆಗಿರಲಿ. ಹಂದಿ ಒಂದು ರಾತ್ರಿಯಲ್ಲಿ ಗದ್ದೆಯನ್ನು ಉತ್ತಂತೆ ಮಾಡಿ ಹೋದಾಗ ರೈತನ ಹೊಟ್ಟೆ ಉರಿಯುವುದು ನನಗೆ ಗೊತ್ತು. ಮಂಗ ಏಲಕ್ಕಿಯನ್ನೂ ಬಾಳೆಯನ್ನೂ ಬಿಡುವುದಿಲ್ಲ, ಕಾಟಿ ಎಳೆಯ ಗಿಡಗಳನ್ನು ತುಳಿದು ಹೋಗುತ್ತದೆ, ಮೂಡಿಗೆರೆ ಕಡೆ ಆನೆಯ ಕಾಟ ಹೇಳತೀರದು. ಸರ್ಕಾರ ನಮ್ಮ ಈ ಸಂಕಟಕ್ಕೆ ಇನ್ನೂ ಸರಿಯಾಗಿ ಕಿವಿಗೊಟ್ಟಿಲ್ಲ ಅಂತ ಯಾರ ಮುಂದೆಯೂ ಹೇಳುತ್ತೇನೆ. ಪರಿಹಾರ ಬೇಗ ಬರಬೇಕು, ಬೇಲಿಗೆ ನೆರವು ಬೇಕು. ಆದರೆ ಒಬ್ಬೊಬ್ಬರೂ ಕತ್ತಲೆಯಲ್ಲಿ ರೈಫಲ್ ಹಿಡಿದು ಹೊರಟರೆ ಅದಕ್ಕೆ ಉತ್ತರ ಸಿಗುವುದಿಲ್ಲ. ನಮ್ಮ ಪಕ್ಕದ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿಯ ಸಿಂಗಳೀಕಗಳು ಪ್ರಪಂಚದಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆ ಕಾಡಿನಲ್ಲಿ ಇಲ್ಲ. ಅವುಗಳ ಕೂಗು ಕೇಳಿಸುವ ಊರಿನಲ್ಲಿ ಹುಟ್ಟಿದವರು ನಾವು.

ನೀನು ಬೇಟೆಯ ಪುಸ್ತಕಗಳನ್ನು ಓದಿಕೊಂಡು ಬೆಳೆದವಳು, ಅವುಗಳಲ್ಲಿ ಬರುವ ತೋಟಾಗಳ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನಿನಗೆ ಸಮಾಧಾನವಾಗದು. ಕೆನೆತ್ ಆಂಡರ್ಸನ್ ಬೆಂಗಳೂರಿನವರೇ, ನಮ್ಮ ಕಡೂರು ಕಡೆಯ ಎಮ್ಮೆದೊಡ್ಡಿಯ ನರಭಕ್ಷಕನ ಕತೆಯನ್ನೂ ಬರೆದಿದ್ದಾರೆ. ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. 1904ರಲ್ಲಿ ಬಂದ ತೋಟಾ ಅದು, ದಪ್ಪ, ಭಾರ, ಹತ್ತಿರದಿಂದ ನುಗ್ಗಿ ಬರುವ ಪ್ರಾಣಿಯನ್ನು ತಡೆದು ನಿಲ್ಲಿಸುವುದಕ್ಕೆ ಹೇಳಿ ಮಾಡಿಸಿದ್ದು. ಆ ಕತೆಗಳನ್ನು ಕನ್ನಡಕ್ಕೆ ತಂದುಕೊಟ್ಟವರು ನಮ್ಮ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು. ತೇಜಸ್ವಿಯವರೂ ಕೋವಿ ಹಿಡಿದು ಕಾಡು ಸುತ್ತಿದವರು, ಆಮೇಲೆ ಅದೇ ತಾಳ್ಮೆಯನ್ನು ಹಕ್ಕಿಗಳ ಫೋಟೋ ತೆಗೆಯುವುದಕ್ಕೆ ತಿರುಗಿಸಿದರು. ಇನ್ನು ಕಾರ್ಬೆಟ್ ಸಾಹೇಬರದು .275 ರಿಗ್ಬಿ. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಉಡುಗೊರೆಯಾಗಿ ಬಂದ ಕೋವಿ. ಅದರ ತೋಟಾ ಮೂಲದಲ್ಲಿ ಜರ್ಮನಿಯ ಮೌಸರ್ ಕಂಪನಿಯ 7x57. ಬೇಟೆಯ ತೋಟಾಗಳಲ್ಲಿ ಒಂದನ್ನು ಮಾತ್ರ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಭುಜಕ್ಕೆ ಪೆಟ್ಟು ಕಡಿಮೆ, ಗುಂಡು ಉದ್ದವಾಗಿದ್ದು ನೇರಕ್ಕೆ ಹೋಗುತ್ತದೆ, ಹೊಡೆಯುವವನು ಕಣ್ಣು ಮುಚ್ಚಿಕೊಳ್ಳುವುದಿಲ್ಲ. ಭುಜ ಒದೆಯುವ ಕೋವಿ ಹಿಡಿದವರು ಈಡಾಗುವ ಮುಂಚೆಯೇ ಮೈ ಬಿಗಿಹಿಡಿಯುತ್ತಾರೆ, ಬಿಗಿಹಿಡಿದ ಮೈಯಿಂದ ಗುಂಡು ಸರಿಯಾಗಿ ಹೋಗುವುದಿಲ್ಲ. ಮೆದುವಾದ ತೋಟಾದಿಂದ ಸರಿಯಾದ ಜಾಗಕ್ಕೆ ಹೊಡೆಯುವುದು ದೊಡ್ಡ ತೋಟಾದಿಂದ ಎಲ್ಲೋ ಹೊಡೆಯುವುದಕ್ಕಿಂತ ಎಷ್ಟೋ ಮೇಲು. ಗಾಯವಾದ ಪ್ರಾಣಿ ಕಾಡಿನೊಳಗೆ ಹೋಗಿ ನರಳುವುದಕ್ಕಿಂತ ಕೆಟ್ಟದ್ದು ಬೇಟೆಯಲ್ಲಿ ಇಲ್ಲ.

ಈಗ ನಿನ್ನ .22ಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ತೋಟಾ ಇದೇ. ಚಿಕ್ಕವಳಿಗೆ ಸಮಾಧಾನ ಹೇಳಲು ಈ ಮಾತು ಅಂದುಕೊಳ್ಳಬೇಡ.

.22 ಲಾಂಗ್ ರೈಫಲ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಸ್ಟೀವನ್ಸ್ ಕಂಪನಿಯಲ್ಲಿ. ಆವತ್ತಿನ ಎಷ್ಟು ತೋಟಾಗಳು ಕಣ್ಮರೆಯಾದವು, ಇದು ಮಾತ್ರ ಬದಲಾಗದೆ ನಿಂತಿದೆ. ದೊಡ್ಡ ತೋಟಾಗಳಲ್ಲಿ ಕೇಪು ತಳದ ನಡುವೆ ಇರುತ್ತದೆ. ಇದರಲ್ಲಿ ಪ್ರತ್ಯೇಕ ಕೇಪೇ ಇಲ್ಲ, ಸಿಡಿಯುವ ಮದ್ದನ್ನು ತಳದ ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತಾರೆ, ಸೂಜಿ ಬಂದು ಅಂಚನ್ನು ಜಜ್ಜಿದ ಕೂಡಲೇ ಹೊತ್ತಿಕೊಳ್ಳುತ್ತದೆ. ಖಾಲಿಯಾದ ಮೇಲೆ ಆ ಅಂಚಿನಲ್ಲಿ ಸೂಜಿಯ ಗುರುತು ನೋಡು, ಒಂದೊಂದು ರೈಫಲಿನದು ಒಂದೊಂದು ಥರ.

ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಗೆ ಇದೇ ತೋಟಾ. 2024ರ ಆಗಸ್ಟ್ 1ರಂದು ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದರಲ್ಲೇ. ಮೊಣಕಾಲೂರಿ, ಮಲಗಿ, ನಿಂತು, ಹೀಗೆ ಮೂರು ಭಂಗಿಯಲ್ಲಿ ಹೊಡೆಯುವ ಆ ಸ್ಪರ್ಧೆಯಲ್ಲಿ ನಮ್ಮ ದೇಶಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಹುಡುಗ ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯ ಒಂದು ಸಣ್ಣ ಊರಿನವನು, ರೈಲ್ವೆಯಲ್ಲಿ ಕೆಲಸ ಮಾಡುತ್ತಿದ್ದವನು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ 50 ಮೀಟರ್ ಪಿಸ್ತೂಲಿಗೂ ಇದೇ .22. ಆ ದೂರದಲ್ಲಿ ರೈಫಲಿನ ಗುರಿಯ ಹತ್ತರ ಉಂಗುರ ಎಷ್ಟು ಅಗಲ ಗೊತ್ತಾ? 10.4 ಮಿಲಿಮೀಟರ್. ನಮ್ಮ ತೋಟದ ಹಣ್ಣಾದ ಒಂದು ಕಾಫಿ ಕಾಯಿಗಿಂತ ಚಿಕ್ಕದು.

ಆ ಐವತ್ತು ಮೀಟರ್ ದಾಟಲು ಗುಂಡಿಗೆ ಬೇಕಾಗುವುದು ಸೆಕೆಂಡಿನ ಆರನೇ ಒಂದು ಭಾಗ. ಅಷ್ಟರಲ್ಲೇ ಅದು ನಳಿಗೆಯ ನೇರದಿಂದ ಸುಮಾರು ಹನ್ನೆರಡು ಸೆಂಟಿಮೀಟರ್ ಕೆಳಗಿಳಿದಿರುತ್ತದೆ, ಭೂಮಿ ಎಳೆಯುವುದನ್ನು ಬಿಡುವುದಿಲ್ಲ. ದೃಷ್ಟಿಯ ರೇಖೆಯನ್ನೂ ನಳಿಗೆಯನ್ನೂ ಅಷ್ಟಕ್ಕೆ ಹೊಂದಿಸುವುದನ್ನೇ ಜೀರೋ ಮಾಡುವುದು ಅನ್ನುತ್ತಾರೆ. ಗಾಳಿಯ ಕತೆ ಬೇರೆಯೇ. ರೇಂಜಿನಲ್ಲಿ ಸಾಲಾಗಿ ಸಣ್ಣ ಬಾವುಟ ನೆಟ್ಟಿರುತ್ತಾರೆ, ಅವು ಒಂದಿಷ್ಟು ಅಲುಗಿದರೂ ಗುಂಡು ಹತ್ತರಿಂದ ಒಂಬತ್ತಕ್ಕೆ ಜಾರುತ್ತದೆ. ನೀನು ಮಲೆನಾಡಿನವಳು. ಎಲೆಯ ಅಲುಗಾಟ ನೋಡಿ ಗಾಳಿಯ ದಿಕ್ಕು ಹೇಳುವುದನ್ನು ನಿನಗೆ ಯಾರೂ ಕಲಿಸಬೇಕಿಲ್ಲ.

ಇನ್ನೊಂದು ಸ್ವಾರಸ್ಯ. ಅಂಗಡಿಯಲ್ಲಿ ವೇಗ ಹೆಚ್ಚಿನ .22 ತೋಟಾ ಸಿಕ್ಕರೂ ಗುರಿಕಾರರು ಬೇಕೆಂದೇ ಶಬ್ದಕ್ಕಿಂತ ನಿಧಾನವಾದ ತೋಟಾ ಆರಿಸುತ್ತಾರೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅದಕ್ಕಿಂತ ಜೋರಾಗಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗುತ್ತಾ ಆ ವೇಗದ ಗಡಿಯನ್ನು ದಾಟುವಾಗ ತೊನೆದಾಡುತ್ತದೆ, ದಾರಿ ಕೆಡುತ್ತದೆ. ಮೊದಲಿಂದಲೇ ಗಡಿಯ ಈಚೆಗೆ ಇದ್ದ ಗುಂಡಿಗೆ ಆ ತಾಪತ್ರಯವಿಲ್ಲ. ಎಲಿ ಕಂಪನಿಯ ಟೆನೆಕ್ಸ್, ಲಾಪುವಾದ ತೋಟಾ, ಆರ್‌ಡಬ್ಲ್ಯುಎಸ್‌ನ ಆರ್50, ಇವೆಲ್ಲ ಹಾಗೆ ಮಾಡಿದವು. ಒಂದೇ ಕಂಪನಿಯ ಒಂದೇ ಹೆಸರಿನ ತೋಟಾದಲ್ಲೂ ಒಂದು ಸಲ ತಯಾರಾದ ಲಾಟಿಗೂ ಇನ್ನೊಂದು ಲಾಟಿಗೂ ವ್ಯತ್ಯಾಸವಿರುತ್ತದೆ. ದೊಡ್ಡ ಆಟಗಾರರು ತಮ್ಮ ನಳಿಗೆಗೆ ಯಾವ ಲಾಟು ಒಗ್ಗುತ್ತದೆಂದು ಹೊಡೆದು ಪರೀಕ್ಷಿಸಿ, ಒಗ್ಗಿದ್ದನ್ನು ಒಟ್ಟಿಗೆ ಕೊಂಡಿಟ್ಟುಕೊಳ್ಳುತ್ತಾರೆ. ಪಕ್ಕದವರ ರೈಫಲಿಗೆ ಬಂಗಾರದಂಥ ತೋಟಾ ನಿನ್ನದರಲ್ಲಿ ಸಾಧಾರಣವಾಗಬಹುದು. ಆದ್ದರಿಂದ ಗೆಳೆಯರ ಪಟ್ಟಿ ಬದಿಗಿಡು. ನಿನ್ನ ನಳಿಗೆ ಏನು ಹೇಳುತ್ತದೆಂದು ಹಾಳೆಯ ಮೇಲೆ ನೋಡು.

ಇದೂ ಆಟಿಕೆಯಲ್ಲ ಅನ್ನುವುದು ನೆನಪಿರಲಿ. ಈ ಪುಟ್ಟ ಗುಂಡೂ ತಡೆಯಿಲ್ಲದಿದ್ದರೆ ಒಂದು ಮೈಲಿ ಹೋದೀತು. ಆದರೆ ರೇಂಜಿನಲ್ಲಿ ಗುರಿಯ ಹಿಂದೆ ಮಣ್ಣಿನ ದಿಬ್ಬವಿದೆ, ಹೋದ ಗುಂಡೆಲ್ಲ ಅಲ್ಲಿ ನಿಲ್ಲುತ್ತದೆ. ಯಾವ ಪ್ರಾಣಿಗೂ ಯಾವ ಮನುಷ್ಯನಿಗೂ ಭಯವಿಲ್ಲದೆ ಬೆಳಗಿನಿಂದ ಸಂಜೆಯವರೆಗೆ ಹೊಡೆಯಬಹುದು. ಬೇಟೆಗಾರನಿಗೆ ಇಡೀ ವರ್ಷದಲ್ಲಿ ನಾಲ್ಕು ಈಡು ಸಿಕ್ಕರೆ ಹೆಚ್ಚು, ನಾಲ್ಕು ಈಡಿನಲ್ಲಿ ಯಾರೂ ಗುರಿ ಕಲಿಯಲಾರರು. ಉಸಿರು ಅರ್ಧ ಬಿಟ್ಟು ಹಿಡಿಯುವುದು, ಟ್ರಿಗರನ್ನು ಎಳೆಯದೆ ಒತ್ತುವುದು, ಈಡಾದ ಮೇಲೂ ತಲೆ ಎತ್ತದೆ ಒಂದು ಕ್ಷಣ ಹಾಗೇ ಇರುವುದು, ಇವೆಲ್ಲ ಮೈಗೆ ಹತ್ತಬೇಕಾದರೆ ಸಾವಿರ ಸಲ ಮಾಡಬೇಕು. ಆ ಸಾವಿರ ಸಲದ ಅವಕಾಶ .22 ಕೊಡುತ್ತದೆ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರಲ್ಲ, ನನಗೆ ಅದು ಬಹಳ ಮೆಚ್ಚುಗೆ. ಕೋವಿಯ ಪ್ರೀತಿ ಉಳಿಯಿತು, ರಕ್ತ ಬೀಳಲಿಲ್ಲ.

ಇನ್ನು ತೋಟಾ ಜೋಪಾನದ ವಿಷಯ. ನಮ್ಮ ಮಳೆಗಾಲ ತೋಟಾಗೆ ಶತ್ರು. ಹಿಂದೆ ಹನ್ನೆರಡು ಬೋರಿನ ತೋಟಾದ ಮೈ ಕಾಗದದ್ದು. ಆಷಾಢದ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಸಿಕ್ಕಿಕೊಂಡರೆ ಚಾಕುವಿನಿಂದ ಕೀಳಬೇಕಾಗುತ್ತಿತ್ತು. ಪ್ಲಾಸ್ಟಿಕ್ ಬಂದ ಮೇಲೆ ಆ ಕಷ್ಟ ತಪ್ಪಿತು. ಹಿತ್ತಾಳೆಗೆ ಈಗಲೂ ಕಿಲುಬು ಹಿಡಿಯುತ್ತದೆ. ಹಸಿರಾದ, ಉಬ್ಬಿದ, ಗುಂಡು ಸಡಿಲವಾದ ತೋಟಾವನ್ನು ಉಜ್ಜಿ ಬಳಸುವ ಆಸೆ ಯಾವತ್ತೂ ಬೇಡ, ಲೆಕ್ಕ ತೋರಿಸಿ ಅಂಗಡಿಗೆ ಒಪ್ಪಿಸಿಬಿಡು. ಗಾಳಿಯಾಡದ ಡಬ್ಬಿಯಲ್ಲಿ, ಒಣಗಿದ ಜಾಗದಲ್ಲಿ, ಕೋವಿಯಿಂದ ದೂರ ಬೇರೆ ಬೀಗದೊಳಗೆ ಇಡಬೇಕು. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ, ಅದು ಶುದ್ಧ ಹುಚ್ಚು. ಟ್ರಿಗರ್ ಒತ್ತಿದ ಮೇಲೂ ಈಡಾಗದಿದ್ದರೆ ಕೂಡಲೇ ಬೋಲ್ಟ್ ತೆಗೆಯಬೇಡ. ತೇವ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಿ, ಆಮೇಲೆ ತೆಗೆ. ಈಡು ಟುಸ್ ಅಂತ ಮೆಲ್ಲಗೆ ಸದ್ದು ಮಾಡಿದರೆ ಗುಂಡು ನಳಿಗೆಯೊಳಗೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. ಕೋವಿ ಕೆಳಗಿಟ್ಟು ರೇಂಜಿನ ಅಧಿಕಾರಿಯನ್ನು ಕರೆ.

ಲೆಕ್ಕದ ಬಗ್ಗೆಯೂ ಹೇಳಬೇಕು. ಒಂದು ಸಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಅಂತ ಲೈಸೆನ್ಸಿನಲ್ಲಿ ಬರೆದಿರುತ್ತದೆ. ಕೊಂಡದ್ದು, ಹೊಡೆದದ್ದು, ಉಳಿದದ್ದು ಎಲ್ಲವನ್ನೂ ನಾನು ಕಾಫಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದಿಡುತ್ತೇನೆ. 2005ರ ಫೆಬ್ರವರಿಯಲ್ಲಿ ನಮ್ಮ ಕಳಸದ ಹತ್ತಿರದ ಬಾಳಿಗೆಯಲ್ಲಿ ನಕ್ಸಲರಿಗೂ ಪೊಲೀಸರಿಗೂ ಗುಂಡಿನ ಚಕಮಕಿ ನಡೆದು ನಕ್ಸಲರ ನಾಯಕ ಸಾಕೇತ್ ರಾಜನ್ ಸತ್ತ ಆ ವರ್ಷಗಳಲ್ಲಿ, ಮನೆಯಲ್ಲಿ ಕೋವಿ ಇದ್ದವರಿಗೆ ನೆಮ್ಮದಿಯ ನಿದ್ದೆ ಇರಲಿಲ್ಲ. ರಾತ್ರಿ ನಾಯಿ ಬೊಗಳಿದರೆ ಮೊದಲು ನೆನಪಾಗುತ್ತಿದ್ದದ್ದು ಬೀರುವಿನ ಬೀಗ. ನಮ್ಮ ಒಂದೇ ಒಂದು ತೋಟಾ ಬೇರೆಯವರ ಕೈಗೆ ಹೋದರೂ ಅದು ಯಾರ ಎದೆಯಲ್ಲಿ ನಿಲ್ಲುತ್ತದೋ ಅಂತ ಆಗ ಯೋಚಿಸಿದ್ದು ಇಂದಿಗೂ ಬಿಟ್ಟಿಲ್ಲ. ಚುನಾವಣೆ ಬಂದಾಗ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಅಂದರೆ ಗೊಣಗುವವರು ನಮ್ಮಲ್ಲಿ ಬಹಳ, ನಾನು ಗೊಣಗದೆ ಕೊಟ್ಟು ಬರುತ್ತೇನೆ.

ನಿನ್ನ ಎರಡನೇ ಪ್ರಶ್ನೆಗೆ ಈಗ ಉತ್ತರ. ಕಾನೂನಿನ ಪ್ರಕಾರ ನಿನ್ನ ಆಸೆಗೆ ದಾರಿ ಇದೆ. ಲೈಸೆನ್ಸುದಾರನಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಕೋವಿ ಅವನ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು ಅಂತ 2016ರ ನಿಯಮಗಳಲ್ಲಿದೆ. ನಿನಗೆ 21 ತುಂಬಬೇಕು. ಆದರೂ .315ಅನ್ನು ನಾನು ನಿನಗೆ ಕೊಡುವುದಿಲ್ಲ ಪುಟ್ಟಿ. ಅದರ ಗುಂಡು ನಿಲ್ಲುವಂಥ ಜಾಗ ನಮ್ಮ ಊರಿನಲ್ಲಿಲ್ಲ, ಅದರಿಂದ ಹೊಡೆಯಬೇಕಾದ ಪ್ರಾಣಿಯೂ ಇಲ್ಲ. ಬರಿದೆ ಗೋಡೆಗೆ ನೇತುಹಾಕಿ ಎಣ್ಣೆ ಹಚ್ಚುತ್ತಾ ಕಾಯುವ ಕೆಲಸವನ್ನು ನಿನ್ನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅಪ್ಪನ ನೆನಪು ನನಗೆ ಅವರ ಪಾಠದಲ್ಲಿದೆ. ಲೈಸೆನ್ಸಿರುವ ಅಂಗಡಿಗೆ ಅದನ್ನು ಒಪ್ಪಿಸಲು ತೀರ್ಮಾನಿಸಿದ್ದೇನೆ, ನಿನ್ನ ಅಪ್ಪನಿಗೂ ಹೇಳಿಯಾಗಿದೆ. ಮನೆಯಲ್ಲಿರುವ ಇನ್ನೊಂದು ಕೋವಿ, ಆ ಜೋಡುನಳಿಗೆ, ಸದ್ಯಕ್ಕೆ ನನ್ನ ಹೆಸರಿನಲ್ಲೇ ಇರಲಿ.

ನಿನಗೆ ನಾನು ಕೊಡಿಸಬೇಕೆಂದಿರುವುದು .22. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಕೋವಿ ಅಂತ ಮಿತಿ ಬಂದಿದೆ. ಆದರೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸಕ್ಕೆ ಬಳಸುವ .22 ರೈಫಲಿಗೂ ಏರ್ ರೈಫಲಿಗೂ ಆ ಮಿತಿ ಅನ್ವಯಿಸುವುದಿಲ್ಲ ಅಂತ ಕಾಯಿದೆಯಲ್ಲೇ ಹೆಸರು ಹಿಡಿದು ಬರೆದಿದ್ದಾರೆ. ಮೊದಲು ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕು. ಒಂದೆರಡು ವರ್ಷ 10 ಮೀಟರ್ ಏರ್ ರೈಫಲಿನಲ್ಲಿ ಕೈ ಕೂರಿಸು. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಲ್ಲೇ, ಅದರ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಆಮೇಲೆ ತರಬೇತುದಾರರು ಹೇಳಿದ .22 ಕೊಳ್ಳೋಣ. ಸದಸ್ಯತ್ವದ ಹಣ, ತರಬೇತಿಯ ಹಣ ನಾನು ಕೊಡುತ್ತೇನೆ. ಈ ಸಲ ಮೆಣಸಿನ ದುಡ್ಡು ಕೈಗೆ ಬಂದಿದೆ, ಇದಕ್ಕಿಂತ ಒಳ್ಳೆಯ ಖರ್ಚು ನನಗೆ ತೋಚುತ್ತಿಲ್ಲ.

ಅರ್ಜಿಯ ನಮೂನೆ ಸಿಕ್ಕ ಕೂಡಲೇ ಏನೇನು ಕಾಗದ ಬೇಕು ಅಂತ ಬರೆ. ನಿನ್ನ ಅಪ್ಪನ ಸಹಿ ಬೇಕಿದ್ದರೆ ರಜೆಯವರೆಗೆ ಕಾಯಬೇಡ, ಅಂಚೆಯಲ್ಲಿ ಕಳಿಸು. ಬರುವಾಗ ಕ್ಯಾಂಪಿನ ಗುರಿ ಹಾಳೆಗಳನ್ನು ಮಡಚದೆ ತಾ, ಗುಂಡುಗಳು ಎಡಕ್ಕೆ ಗುಂಪಾಗಿವೆಯೋ ಬಲಕ್ಕೋ ನೋಡಿದರೆ ಬೆರಳು ಟ್ರಿಗರಿನ ಮೇಲೆ ಹೇಗೆ ಕೂತಿದೆ ಅಂತ ಹೇಳಬಲ್ಲೆ. ಅಜ್ಜಿ ಊಟ ಬಿಡಬೇಡ ಅಂದಿದ್ದಾಳೆ.

ಇಂತಿ ನಿನ್ನ
ಅಜ್ಜ